ಜೋಳದ ಡಬ್ಬಿಯೊಳಗಿನ ಫೋನು

“ಹಲೋ! … ಹಲೋ, ಯಾರು ಮಾತಾಡೂದು? ಹರ್ಷದ ಏನೊ? … ಹಾಂ, ನಾ ಗುಂಡು. ನಿಮ್ಮಕ್ಕನ ಫೋನಿನಿಂದ ಮಾಡೇನಿ. … ಅಕಿಗೇನಾಗೇತಿ, ಅಕಿ ಗಟ್ಟಿ ಅದಾಳ. ಆಗಿದ್ದ ನನ್ನ ಫೋನಿಗೆ. ಹ್ಯಾಕ್ ಆಗೇತಿ, ಹ್ಯಾಕ್!”

ಗುಂಡು ಕಿಟಕಿಯ ಸರಳು ಹಿಡಿದು ನಿಂತಿದ್ದ. ಗುಂಡಿ ಒತ್ತುವ ಆ ಹಳೆಯ ಫೋನಿಗೆ ಮನೆಯಲ್ಲಿ ರೇಂಜ್ ಸಿಗುತ್ತಿದ್ದದ್ದು ಆ ಕಿಟಕಿಯಲ್ಲೊಂದೇ. ಕಿಟಕಿ ತೆರೆದುಕೊಳ್ಳುತ್ತಿದ್ದದ್ದು ನೇರ ಓಣಿಗೆ. ಇಚಲಕರಂಜಿಯ ಮಗ್ಗಗಳಿಗೆ ಅಂದು ವಾರದ ರಜೆ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಗಂಡನ ಬಿಳಿ ಅಂಗಿಗೆ ಇಸ್ತ್ರಿ ತಿಕ್ಕುತ್ತ ಕೂತಿದ್ದ ದ್ರೌಪದಿ ತಲೆ ಎತ್ತಿದಳು. ಅವಳ ತಮ್ಮ ಹರ್ಷದ ಗಡಹಿಂಗ್ಲಜದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದ. ಇವತ್ತೇ ಅವನಿಗೆ ಫೋನು ಮಾಡಬೇಕಿತ್ತೇ, ಎಂದುಕೊಂಡಳು.

“… ಹ್ಯಾಂಗ ಗೊತ್ತಾತು ಅಂದ್ರ? ಅರೆ, ಕಾಯ ಸಾಂಗೂ ತುಲಾ, ಏನಂತ ಹೇಳ್ಲಿ ನಿನಗ! ನಾ ಫೋನಿನ್ಯಾಗ ಮಾತಾಡಿದ್ದೆಲ್ಲಾ ಓಣಿಗೆ ಗೊತ್ತಾಗಾಕತ್ತೈತಿ. ಮೊನ್ನೆ ಮೂಲವ್ಯಾಧಿಗೆ ಯಾವ ಔಷಧ ಹಚ್ಚಲ್ರಿ ಅಂತ ಡಾಕ್ಟರಿಗೆ ಕೇಳೇನಿ. ಮರದಿನ ಚಾದ ಅಂಗಡ್ಯಾಗ ನಮ್ಮ ಬಾಜೂಮನಿ ಕಾಕಾಸಾಹೇಬ ಏನಂತಾನ? ‘ಗುಂಡು, ಬೆಂಚಿನ ಮ್ಯಾಲ ಗಾದಿ ಹಾಸಲ್ಯಾ?’ ಅಂತಾನ. … ಏ, ನಗಬ್ಯಾಡ!”

“… ಹಾಂ, ಇನ್ನೂ ಐತಿ. ಇವತ್ತ ಮಟನ್ ತರ್ತೇನಿ ಅಂತ ಫೋನಿನ್ಯಾಗ ಊರಾಗಿನ ಅವ್ವಗ ಹೇಳಿದ್ದಷ್ಟ. ಸಂಜೀಕ ಗ್ವಾಡಿ ಆಚೀ ಮನಿ ಮಾಣಿಕಬಾಯಿ ಸಾರಿಗೆ ವಾಟಿ ಹಿಡಕೊಂಡ ಬಾಗಲದಾಗ ನಿಂತಿದ್ಲು! ಅದೂ ಹೋಗಲಿ. ಆ ನೀಲಿ ಮೊಪೆಡ್ ಇತ್ತಲ್ಲಾ, ನೇಸರಿ ಊರಾಂವ ಮಾರಾಕ ಇಟ್ಟಿದ್ದು? ರವಿವಾರ ಬಂದ ಒಯ್ತೇನಿ ಅಂತ ಅಂವಗ ಫೋನಿನ್ಯಾಗ ಮಾತ ಕೊಟ್ಟಿದ್ದೆ. ಶನಿವಾರ ಮುಂಜಾನೆ ಫಸ್ಟ್ ಎಸ್ಟಿ ಬಸ್ಸ ಹಿಡಿದ ಹೋಗಿ ಕಾಕಾಸಾಹೇಬ ಹೊಡಕೊಂಡ ಬಂದ. ಈಗ ದಿನಾ ನನ್ನ ಕಿಟಕಿ ಬುಡಕ ನಿಲ್ಲಸ್ತಾನ. ಅಂವಗ ಹ್ಯಾಂಗ ಗೊತ್ತಾಗಬೇಕು, ನೀನ ಹೇಳ!”

ದ್ರೌಪದಿಗೆ ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು. ಹುಡುಗನಾಗಿದ್ದಾಗಿಂದ ಮಗ್ಗಗಳ ಖಟಖಟದ ನಡುವೆ ನಿಂತವನ ದನಿ ಮನೆಗೆ ಬಂದ ಮೇಲೂ ಇಳಿಯುತ್ತಿರಲಿಲ್ಲ. ತನ್ನ ಕಿವಿ ಮಂದವಾಗಿದೆ ಎಂದು ಅವನು ಒಪ್ಪುತ್ತಿರಲಿಲ್ಲ. ಈಚೀಚೆಗೆ ಜನ ಬಾಯಿ ಬಿಟ್ಟು ಮಾತಾಡುವುದನ್ನೇ ಬಿಟ್ಟಿದ್ದಾರೆ ಎಂದು ದೂರುತ್ತಿದ್ದ. ಅವನು ಫೋನು ಹಿಡಿದನೆಂದರೆ ಮಾಣಿಕಬಾಯಿ ಟಿವಿಯ ಸದ್ದು ತಗ್ಗಿಸುತ್ತಿದ್ದಳು, ನಲ್ಲಿಯ ಹತ್ತಿರದ ಜಗಳ ನಿಲ್ಲುತ್ತಿತ್ತು. ಇದನ್ನು ಅವನಿಗೆ ತಿಳಿಸಿ ಹೇಳಬೇಕೆಂದರೆ ದ್ರೌಪದಿಯೂ ಕೂಗಬೇಕು. ಕೂಗಿದರೆ ಅದನ್ನೂ ಓಣಿ ಕೇಳಬೇಕು.

ಮೂಲವ್ಯಾಧಿ ಊರಿಗೆ ಗೊತ್ತಾದರೆ ಅವಳಿಗೇನೂ ನಷ್ಟವಿರಲಿಲ್ಲ. ಇವತ್ತಿನ ಮಾತು ಬೇರೆ. ಹೊಸ ಶೆಡ್ ಕಟ್ಟಿಸಿದ್ದ ಮಲ್ಲಾರಿ ಸೇಟನಿಗೆ ಮಗ್ಗ ದುರಸ್ತಿ ನೋಡಿಕೊಳ್ಳುವ ಒಬ್ಬ ಜಾಬರ್ ಬೇಕಾಗಿದ್ದ. ಹಗಲು ಪಾಳಿ ಮಾತ್ರ. ಮದುವೆಯಾದಾಗಿಂದ ವಾರ ಬಿಟ್ಟು ವಾರ ಒಬ್ಬಳೇ ಮಲಗಿದ ದ್ರೌಪದಿಗೆ ಆ ಕೆಲಸ ಗಂಡನಿಗಿಂತ ತನಗೇ ಬೇಕಾಗಿತ್ತು. ಕಾಕಾಸಾಹೇಬನೂ ಅದರ ವಾಸನೆ ಹಿಡಿದು ಹದಿನೈದು ದಿನದಿಂದ ಸುತ್ತುತ್ತಿದ್ದ. ಸೇಟ ಎಲ್ಲಿ, ಯಾವಾಗ ಸಿಗುತ್ತಾನೆ ಎಂಬುದೊಂದು ಅವನಿಗೆ ತಿಳಿದಿರಲಿಲ್ಲ.

“… ಏನು? ಮೆಲ್ಲಕ ಮಾತಾಡ್ಲಾ? ಮೆಲ್ಲಕ ಮಾತಾಡಾಕತ್ತೇನಲ್ಲೊ! … ಹಾಂ? ಫೋನ್ ಟೇಬಲ್ ಮ್ಯಾಲ ಇಟ್ಟ ದೂರ ನಿಂತರೂ ಕೇಳಸ್ತೈತಿ? ನೋಡ, ನಿಮ್ಮಕ್ಕನ ಫೋನ್ ಎಷ್ಟ ಚಲೋ ಐತಿ! ನನ್ನದರಾಗ ಕಳ್ಳ ಕುಂತಾನ. ಅದಕ್ಕ ಅದನ್ನ ಜ್ವಾಳದ ಡಬ್ಬ್ಯಾಗ ಹುಗದ ಮುಚ್ಚಳ ಹಾಕೇನಿ. ಇನ್ನ ಏನ ಕೇಳ್ತಾನ ಕೇಳಲಿ!”

“… ಹಾಟ್‌ಸ್ಪಾಟಾ? ಹೌದ, ಟಿವಿಗೆ ಹಚ್ಚಾಕ ಚಾಲೂ ಇಟ್ಟಿರತೇನಿ. ಮುಂಜಾನೆ ಚಾ ಕುಡಿಯೂದ್ರಾಗ ದಿನದ ನೆಟ್ ಖಲಾಸ್. … ನೋಡ್ಲಾ? ತಡಿ, ತಗೀತೇನಿ.”

ಡಬ್ಬಿಯಲ್ಲಿ ಮೊಳಕೈವರೆಗೆ ಕೈಯಾಡಿಸಿ ಫೋನು ಎತ್ತಿದ. ಅಂಗಿಗೆ ಒರೆಸಿ, ಊದಿ, ಕಣ್ಣಿನ ಹತ್ತಿರ ಹಿಡಿದ. ಕಾಳು ನೆಲದ ತುಂಬ ಉರುಳಿತು.

“… ಸೆಟ್ಟಿಂಗ್… ಹಾಂ… ಅಯ್ಯಯ್ಯ! ಎಂಟ ಮಂದಿ ಕೂಡ್ಯಾರೊ ಇದಕ್ಕ! … ಹೆಸರಾ? ಎಲ್ಲಾ ಇಂಗ್ಲಿಷ್ ಹೆಸರ, ಮುಂದ ನಂಬರ. ಹೊರದೇಶದ ಮಂದಿ, ನಾ ಹೇಳಲಿಲ್ಲಾ? ನಮ್ಮ ಓಣ್ಯಾವ್ರು ಒಬ್ಬರೂ ಇಲ್ಲ, ಪಾಪ. … ಅಂದ್ರ? ಅವು ಫೋನ್ ಕಂಪನಿ ಹೆಸರಾ? ಇರಲಿ, ಕಂಪನಿನೂ ಹೊರದೇಶದ್ದ ಹೌದಲ್ಲೊ?”

“… ಪಾಸ್‌ವರ್ಡ್ ಯಾರಿಗೂ ಕೊಟ್ಟಿಲ್ಲ. ಖರೇನ, ನಿಮ್ಮಕ್ಕಗೂ ಹೇಳಿಲ್ಲ. ನಿನಗ ಒಬ್ಬಗ ಹೇಳಿದ್ದೆ, ಇದ ಕಿಟಕ್ಯಾಗ ನಿಂತ. … ಬದಲ ಮಾಡ್ಲಾ? ಆತ, ಹಳೇದ ತಗದೆ. ‘ದ್ರೌಪದಿ’ ಅಂತ ಹಾಕ್ಲಾ? … ಹೇಳಬ್ಯಾಡ ಅಂದ್ರ ಹ್ಯಾಂಗ? ಅಂಗಡಿ ಇಟ್ಟಾಂವ ನೀ, ನಿನಗ ಹೇಳದ ಯಾರಿಗೆ ಹೇಳ್ಲಿ? ಎಲ್ಲಾ ಸಣ್ಣ ಅಕ್ಷರ. ಮುಂದ ಒಂದ, ಒಂದ, ಏಳ, ಏಳ. ಬರಕೊಂಡಿ?”

ಗೋಡೆಯಾಚೆ ಮಾಣಿಕಬಾಯಿ ಅಂಕಿಗಳನ್ನು ಗುಣುಗುಣು ಒಪ್ಪಿಸಿಕೊಳ್ಳುವುದು ದ್ರೌಪದಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಎದ್ದು ಬಂದು ಕಿಟಕಿಯ ಒಂದು ಬಾಗಿಲು ಎಳೆದಳು. ತುಟಿಯ ಮೇಲೆ ಬೆರಳಿಟ್ಟುಕೊಂಡು ಗಂಡನ ಮುಖವನ್ನೇ ನೋಡಿದಳು.

“… ಹರ್ಷದಾ! ಘಾತ ಆತಲ್ಲೊ! ಬದಲ ಮಾಡಿ ಉಸರ ಬಿಟ್ಟಿಲ್ಲ, ಮೂರ ಮಂದಿ ಒಳಗ ಬಂದಾರ! … ನಾಕ! ಹ್ಯಾಕರ್ ಭಾಳ ಹುಷಾರ ಅದಾನ. … ಏ, ಕಿಟಕಿ ಯಾಕ ಮುಚ್ಚತಿ? ರೇಂಜ್ ಹೋಗತೈತಿ! ಬಾಯಿ ಮ್ಯಾಲ ಬಟ್ಟ ಯಾಕ, ಹಲ್ಲ ನೂಸ್ತೈತೇನ? ಲವಂಗ ಇಟ್ಕೊ. … ಇಲ್ಲಪಾ, ನಿಮ್ಮಕ್ಕಗ ಹೇಳಿದೆ.”

“… ಹಾಂ, ಅದಕ್ಕಂತ ಮಾಡೇನಿ. ಮಲ್ಲಾರಿ ಸೇಟ ನಿನ್ನ ಗಿರಾಕಿ ಹೌದಲ್ಲೊ? ಅಂವಗ ಒಂದ ಮಾತ ಹಾಕ, ನಮ್ಮ ಅಕ್ಕನ ಗಂಡ ಬರಾಕತ್ತಾನ, ನೋಡಕೋರಿ ಅಂತ. ಇವತ್ತ ಭೇಟಿ ಐತಿ. … ಎಲ್ಲಿ ಅಂದ್ರ… ತಡಿ, ತಡಿ. ಮದಲ ಆ ಕಳ್ಳನ್ನ ಮುಚ್ಚತೇನಿ.”

ಫೋನನ್ನು ಮತ್ತೆ ಜೋಳದಲ್ಲಿ ಹುಗಿದ. ಮುಚ್ಚಳ ಬಿಗಿದು, ಅದರ ಮೇಲೆ ಖಾರ ಅರೆಯುವ ಗುಂಡುಕಲ್ಲು ಹೇರಿದ. ಇಷ್ಟು ಭದ್ರ ಮಾಡಿ ಕಿಟಕಿಗೆ ಬಂದು, ಹೆಂಡತಿ ಎಳೆದಿದ್ದ ಬಾಗಿಲನ್ನು ಹಿಂದಕ್ಕೆ ತಳ್ಳಿ, ಹಣೆಯನ್ನು ಸರಳಿಗೆ ಒತ್ತಿ ನಿಂತ. ಪಕ್ಕದ ಮನೆಯಲ್ಲಿ ಕೆಮ್ಮುತ್ತಿದ್ದ ಕಾಕಾಸಾಹೇಬ ಅರ್ಧಕ್ಕೇ ಕೆಮ್ಮು ನುಂಗಿಕೊಂಡ.

“… ಮೆಸೇಜ್ ಮಾಡ್ಲಾ? ನಿನಗೇನ ತಲಿ ಐತಿಲ್ಲೊ? ಮೆಸೇಜ್ ಆದ್ರ ಓದತಾನ. ಬಾಯಿಲೆ ಹೇಳಿದ್ರ ಏನ ಓದತಾನ?”

ದ್ರೌಪದಿ ಸುತ್ತ ನೋಡಿದಳು. ಕಟ್ಟೆಯ ಮೇಲೆ ಮಿಕ್ಸರ್ ಇತ್ತು. ಕೈಗೆ ಸಿಕ್ಕಷ್ಟು ಒಣಕೊಬ್ಬರಿ ಅದಕ್ಕೆ ಸುರಿದು, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಮನೆಯೇ ಗರ್ರೆಂದಿತು. ಇನ್ನು ಓಣಿಗೆ ಏನೂ ಕೇಳಿಸದು ಎಂದು ಅವಳಿಗೆ ಒಂದು ಕ್ಷಣ ಹಗುರಾಯಿತು.

ಒಂದೇ ಕ್ಷಣ. ಸದ್ದು ಕಿವಿಗೆ ಬಿದ್ದದ್ದೇ ಗುಂಡುವಿನ ಬೆನ್ನು ನೆಟ್ಟಗಾಯಿತು, ಕತ್ತಿನ ನರ ಉಬ್ಬಿತು. ಸದ್ದನ್ನು ಮೀರಿಸುವುದೇ ಅವನ ಜನ್ಮದ ಕಸುಬು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ನೂಲು ಹರಿದ ಸುದ್ದಿ ಮುಟ್ಟಿಸುವ ದನಿಯನ್ನು ಅವನು ಹೊರತೆಗೆದ.

“… ಎಸ್ಟಿ ಸ್ಟ್ಯಾಂಡ್ ಎದುರಿನ ಚಾದ ಅಂಗಡಿ! … ಮಲ್ಲಾರಿ ಸೇಟ! ನಾಕ ಗಂಟೆಕ್ಕ! ಒಬ್ಬನ ಕುಂತಿರತಾನ! … ಮದಲ ಯಾರ ಭೇಟಿ ಆಗ್ತಾರ ಅವರಿಗೆ ಕೆಲಸ ಅಂದಾನ! … ಕೇಳಿಸ್ತಾ? … ಹರ್ಷದಾ, ಕೇಳಿಸ್ತಾ? … ಹಲೋ?”

ದ್ರೌಪದಿ ಮಿಕ್ಸರ್ ಆರಿಸಿದಳು. ಕಿಟಕಿಯ ಕೆಳಗೆ ಯಾರೋ ಕಿಕ್ ಹೊಡೆದರು. ಇನ್ನೊಂದು ಕಿಕ್. ಹಳೆಯ ಗಾಡಿ ಕೆಮ್ಮಿ, ಹೊಗೆ ಬಿಟ್ಟು, ಹೊತ್ತಿಕೊಂಡಿತು. ನೀಲಿ ಮೊಪೆಡ್ಡಿನ ಮೇಲೆ ಕಾಕಾಸಾಹೇಬ ಒದ್ದೆ ತಲೆಗೆ ಬಾಚಣಿಗೆ ಆಡಿಸುತ್ತಲೇ ಹೊರಟ. ಕಿಟಕಿಯಲ್ಲಿ ನಿಂತವರು ಕಂಡರೆಂದು ನೆರೆಯವನ ಮರ್ಯಾದೆಗೆ ಕೈ ಎತ್ತಿದ. ಗುಂಡುವೂ ಎತ್ತಿದ.

“… ಹಲೋ, ಹರ್ಷದಾ? ಇನ್ನ ಕಾಳಜಿ ಇಲ್ಲ ನೋಡ, ಕಾಕಾಸಾಹೇಬ ಎಲ್ಲಿಗೊ ಹೊಂಟ… ಇಸ್ತ್ರಿ ಅಂಗಿ ಹಾಕ್ಯಾನ… ಹಲೋ? … ಏ, ಇದರ ಚಾರ್ಜಿಂಗ್ ಖಲಾಸ್ ಆತೇನ? … ಹಲೋ?”

ಕತ್ತಲಾದ ಫೋನನ್ನು ಅವನು ಇನ್ನೂ ಕಿವಿಗೆ ಒತ್ತಿಕೊಂಡೇ ಇದ್ದ. ದ್ರೌಪದಿ ಬಿಳಿ ಅಂಗಿಯನ್ನು ಅವನ ಹೆಗಲ ಮೇಲೆ ಎಸೆದು, ಬಾಗಿಲ ಕಡೆ ಕೈ ತೋರಿಸಿದಳು. ಆಮೇಲೆ ಗುಂಡುಕಲ್ಲು ಇಳಿಸಿ, ಮುಚ್ಚಳ ತೆಗೆದು, ಜೋಳದಲ್ಲಿ ಕೈ ಇಳಿಬಿಟ್ಟಳು. ಫೋನು ಬೆಚ್ಚಗಿತ್ತು. ಇಡೀ ಓಣಿಯಲ್ಲಿ ಆ ಮಾತು ಕೇಳಿಸಿಕೊಳ್ಳದೆ ಉಳಿದದ್ದು, ಪಾಪ, ಅದೊಂದೇ.