ಗಾಳಿ ತಾತನ ಗೂಡು

ದೀಪ ಸಣ್ಣ ಮಾಡಿ ಬೇಕಾದ್ರೆ, ಆರಿಸಬೇಡಿ… ಇದು ಕಟ್ಟಿದ ಕತೆ ಅಲ್ಲ. ನನ್ನ ಚಿಕ್ಕಮ್ಮನ ಮಗನಿಗೇ ಆದದ್ದು. ಸಣಕಲ, ಅದಕ್ಕೇ ನಾವೆಲ್ಲ ಕಡ್ಡಿ ಅಂತೀವಿ. ಚರ್ಚಲ್ಲಿ ಆರ್ಗನ್ ನುಡಿಸ್ತಾನೆ.

ಅವತ್ತು ಹೊತ್ತಾಗಿತ್ತು. ಚರ್ಚಿನ ಬಾವಿ ಪಕ್ಕದ ದಾರೀಲಿ ಮನೆಗೆ ಬರ್ತಿದ್ದ. ಬೆಳಗಾದ್ರೆ ದೊಡ್ಡ ಊರಿನ ದೊಡ್ಡ ಚರ್ಚಲ್ಲಿ ಪರೀಕ್ಷೆ. ಪಾಸಾದ್ರೆ ಅಲ್ಲೇ ಕೆಲಸ. ಚಿಕ್ಕಂದಿನಿಂದ ಅವನ ಜೀವ ಇದ್ದಿದ್ದೇ ಅದರಲ್ಲಿ. ಬಾವಿ ಹತ್ರ ಬಂದಾಗ ನೆನಪಾಯ್ತು… ಆರ್ಗನ್ನಿನ ಕಾಲುಮಣೆ ತುಳಿಯೋಕೆ ಹಾಕ್ಕೊಳ್ಳೋ ತೆಳು ಅಟ್ಟೆಯ ಬೂಟು ಒಳಗೇ ಉಳಿದಿದೆ. ವಾಪಸ್ ಹೋದ.

ತಾಳಿ, ಮೊದಲು ಗಾಳಿ ತಾತನ ವಿಷಯ ಹೇಳ್ಬೇಕು.

ಆರ್ಗನ್ ಹಾಡೋಕೆ ಗಾಳಿ ಬೇಕು. ಮೋಟರು ಬರೋ ಮುಂಚೆ ಅದರ ಬೆನ್ನಿಗಿರೋ ಗೂಡಲ್ಲಿ, ಕತ್ತಲಲ್ಲಿ ಕೂತು, ಗಾಳಿ ತಾತ ಸನ್ನೆಕೋಲು ಒತ್ತಿ ತಿದಿ ಊದೋನು. ಗಿಡ್ಡ ಮನುಷ್ಯ. ನುಡಿಸೋನು ಮರದ ಮೇಲೆ ಎರಡು ಸಲ ಕುಟ್ಟಿದ್ರೆ ಗಾಳಿ ಹಾಕು ಅಂತ ಅರ್ಥ. ಗೂಡಿನ ಬಾಗಿಲು ಪಟಪಟ ಅಂತ ಪ್ರಾರ್ಥನೆ ಕೆಡಿಸೋದು, ಅದಕ್ಕೆ ಹೊರಗಿಂದ ಚಿಲಕ ಹಾಕೋರು. ಮುಗಿದ ಮೇಲೆ ತೆಗೆಯೋದು ನುಡಿಸಿದೋನ ಕೆಲಸ.

ಆಗ ಚರ್ಚಲ್ಲಿ ಆರ್ಗನ್ ನುಡಿಸ್ತಿದ್ದ ಮೇಷ್ಟ್ರು ಕಡ್ಡಿಗೆ ಮೊದಲ ಪಾಠ ಹೇಳಿದ್ದೇ ಆ ಗೂಡಲ್ಲಿ. ಗಾಳಿ ಹಾಕೋನ ಕಷ್ಟ ಗೊತ್ತಿಲ್ಲದೋನು ಬೆರಳಿಡಬಾರದು ಅನ್ನೋರು. ಅಂಗೈ ಬೊಬ್ಬೆ ಎದ್ದ ಮೇಲೇನೇ ನುಡಿಸೋ ಬೆಂಚು ಹತ್ತಿಸಿದ್ದು. ಗಾಳಿ ತಾತನಿಗೂ ನುಡಿಸೋ ಆಸೆ. ಒಂದೇ ಒಂದು ಹಾಡು ಕಲಿಸೋ ಮಗಾ ಅಂತ ಕಡ್ಡಿ ಹಿಂದೆ ಬೀಳೋನು. ಇವನು ನಾಳೆ ತಾತ, ನಾಳೆ ಅಂತ ಜಾರಿಕೊಳ್ಳೋನು.

ಮೇಷ್ಟ್ರಿಗೆ ಕಣ್ಣು ಮಂಜಾಯ್ತು, ಕೆಲಸ ಕಡ್ಡಿಗೆ ಬಂತು. ಮೊದಲ ಭಾನುವಾರ ಎಂಥಾ ನುಡಿಸಿದ ಅಂತೀರಿ! ಕೈ ಕುಲುಕೋರು, ಬೆನ್ನು ತಟ್ಟೋರು, ಊಟಕ್ಕೆ ಎಳ್ಕೊಂಡು ಹೋಗೋರು… ಹೊಗಳಿಕೆ ನೆತ್ತಿಗೇರ್ತು. ಗೂಡಿನ ಚಿಲಕ ತೆಗೆಯೋದು ಮರೆತ.

ಮಾರನೇ ದಿನ ಬಾಗಿಲು ತೆಗೆದ್ರೆ, ತಾತ ಸನ್ನೆಕೋಲಿನ ಮೇಲೆ ಕೈ ಇಟ್ಟ ಹಾಗೇ ಹೋಗಿಬಿಟ್ಟಿದ್ದ. ವಯಸ್ಸಾಗಿತ್ತು, ಎದೆ ನಿಂತಿದೆ ಅಂದ್ರು ಡಾಕ್ಟರು. ಕಡ್ಡಿನ ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನಬೇಕಿತ್ತು, ನನ್ನ ಕೇಳಿದ್ರೆ. ಆಮೇಲೆ ಮೋಟರು ತಂದು ಅದೇ ಗೂಡಲ್ಲಿಟ್ರು. ಹಳೇ ಸನ್ನೆಕೋಲು ಹಾಗೇ ಉಳೀತು.

ಈಗ ಆ ರಾತ್ರಿಗೆ ಬನ್ನಿ. ಬೂಟು ಸಿಕ್ತು. ಅಷ್ಟರಲ್ಲಿ… ಗುಂಯ್… ಮೋಟರು ಓಡ್ತಿದೆ. ಯಾರು ಹಾಕಿದ್ರಪ್ಪಾ ಅಂದ್ಕೊಂಡು ಗೂಡಿಗೆ ಹೋಗಿ ಸ್ವಿಚ್ಚು ಆರಿಸಿದ. ಸದ್ದು ನಿಂತಿತು. ಬೆನ್ನ ಹಿಂದೆ ಬಾಗಿಲು ಮುಚ್ಕೊಳ್ತು. ಆಮೇಲೆ… ಖಟ್. ಚಿಲಕ.

ತಳ್ಳಿದ. ಗುದ್ದಿದ. ಕೂಗಿದ. ಆ ಹೊತ್ತಲ್ಲಿ ಕೇಳೋರು ಯಾರು? ಬಾಗಿಲಿಗೆ ಒರಗಿ ಕೂತ. ಆಗ ಬೆಂಚಿನ ಕಡೆಯಿಂದ… ಟಕ್ ಟಕ್.

"ತಾತಾ?" ಅಂದ, ಮೆಲ್ಲಗೆ.

ಟಕ್ ಟಕ್.

ಸ್ವಿಚ್ಚು ಒತ್ತಿದ. ಮೋಟರು ಏಳಲಿಲ್ಲ. ಕತ್ತಲಲ್ಲಿ ಸನ್ನೆಕೋಲು ತಡಕಿ ಹಿಡ್ಕೊಂಡ. ಕಿರ್ರ್… ಧಪ್. ಕಿರ್ರ್… ಧಪ್. ಹೊರಗೆ ಹಾಡು ಶುರುವಾಯ್ತು. ಒಂದೇ ಬೆರಳಲ್ಲಿ, ತಡವರಿಸ್ಕೊಂಡು, ತಪ್ಪಿದ್ರೆ ಮತ್ತೆ ಮೊದಲಿಂದ. ಮೊದಲ ಭಾನುವಾರ ಇವನು ನುಡಿಸಿದ್ದ ಅದೇ ಹಾಡು. ಕೈ ಸೋತು ಬಿಟ್ಟರೆ ಸಾಕು… ಟಕ್ ಟಕ್.

ಬೆಳಗ್ಗೆ, ದೂರದ ಗೇಟಿನ ಹತ್ರ ಮಲಗೋ ಚರ್ಚಿನ ಕಾವಲುಗಾರ ಬೈಯೋಕೆ ಅಂತಲೇ ಬಂದ. ರಾತ್ರಿಯೆಲ್ಲ ಒಂದು ಬೆರಳಲ್ಲಿ ಕುಟ್ಟಿ ನಿದ್ದೆ ಕೆಡಿಸಿದ್ನಲ್ಲ ಇವನು ಅಂತ ಅವನಿಗೆ ಕೋಪ. ನೋಡಿದ್ರೆ ಬೆಂಚು ಖಾಲಿ. ಗೂಡಿಂದ ನರಳಾಟ. ಚಿಲಕ ತೆಗೆದಾಗ ಕಡ್ಡಿಯ ಅಂಗೈ ಚರ್ಮ ಕಿತ್ತು ಹಸಿಹಸಿ ಆಗಿತ್ತು. ಪರೀಕ್ಷೆಗೆ ಹೋಗಬೇಕಿದ್ದ ಬಸ್ಸು ಯಾವಾಗಲೋ ಹೋಗಿತ್ತು.

ದೊಡ್ಡ ಚರ್ಚಿನೋರು ಮತ್ತೆ ಕರೆದ್ರು, ಪಾಪ. ಹೋಗಲಿಲ್ಲ. ಶನಿವಾರ ಕತ್ತಲಾದ್ರೆ ತಾನಾಗೇ ಆ ಗೂಡು ಸೇರ್ತಾನೆ. ಚಿಕ್ಕಮ್ಮ ಅತ್ತು ಅತ್ತು ಸಾಕಾದ್ಳು. ಎಷ್ಟು ದಿನವೋ ಇದು ಅಂತ ನಾನೇ ಗದರಿಸಿ ಕೇಳಿದೆ. ಅಂಗೈ ನೋಡ್ಕೊಂಡು ಹೇಳಿದ, "ತಾತನಿಗೆ ಈಗ ಎರಡೂ ಕೈ ಬರ್ತಿದೆ ಅಕ್ಕಾ. ಪೂರ್ತಿ ಒಂದು ಹಾಡು ಕಲೀಲಿ, ಬಿಡ್ತಾನೆ."

ಹೋದ ಶನಿವಾರ ಊಟಕ್ಕೆ ಕರೆಯೋಕೆ ನಾನೇ ಹೋದೆ. ಹಾಡು ನಡೀತಿತ್ತು. ಎರಡೂ ಕೈ, ಒಂದು ತಪ್ಪಿಲ್ಲ. ಗೂಡಿಗೆ ಚಿಲಕ ಬಿದ್ದಿತ್ತು, ಒಳಗೆ ಕಡ್ಡಿ ಕೆಮ್ತಿದ್ದ. ಹಾಡು ಕೊನೆ ಮುಟ್ಟಿತು… ನಿಂತಿತು. ಸದ್ಯ, ಋಣ ಹರೀತು ಅಂತ ಚಿಲಕ ತೆಗೆದೆ. ಮುಗೀತಲ್ಲ, ಬಾರೋ ಅಂದೆ. ಅವನೂ ಎದ್ದ, ನಕ್ಕ ಕಣ್ರೀ, ಎಷ್ಟು ವರ್ಷದ ಮೇಲೆ…

ಟಕ್ ಟಕ್.

ಇನ್ನೊಂದು ಹಾಡು ಶುರುವಾಯ್ತು. ಒಂದೇ ಬೆರಳಲ್ಲಿ.

ಕಡ್ಡಿ ಹಾಗೇ ಕೂತ್ಕೊಂಡ. "ನೀನು ಊಟ ಮಾಡಕ್ಕಾ," ಅಂದ. "ಚಿಲಕ ಹಾಕ್ಬಿಡು. ಬಾಗಿಲು ಪಟಪಟ ಅನ್ನುತ್ತೆ."

ಸುಳ್ಳು ಹೇಳಿ ನನಗೇನು ಆಗಬೇಕಿದೆ? ಬರ್ತಾ ಬೆಂಚಿನ ಪಕ್ಕದಲ್ಲೇ ಬಂದೆ. ಯಾರೂ ಇರಲಿಲ್ಲ. ಕಡ್ಡಿ ಕಾಲು ಉದ್ದ, ಬೆಂಚನ್ನ ಯಾವಾಗಲೂ ಹಿಂದಕ್ಕೆ ಸರಿಸಿಯೇ ಕೂರೋನು. ಅವತ್ತು ಅದು ಗಿಡ್ಡ ಕಾಲಿಗೆ ಎಟುಕೋ ಹಾಗೆ ಪೂರ್ತಿ ಮುಂದಕ್ಕೆ ಸರಿದಿತ್ತು.