ಉಪವಾಸದ ಮೂರನೇ ದಿನ

ಇಲ್ಲ ಇಲ್ಲ, ‘ಬ್ರೇವ್’ ಅಂತ ಬರೀಬ್ಯಾಡ ರೂತಿ, ಅದನ್ನ ಮೊದ್ಲ ಅಳಿಸು. ನಿಮ್ಮ ಚರ್ಚಿನ ಕ್ಲಾಸಿನ್ಯಾಗ ಏನರ ಕೇಳ್ಲಿ, ನಮ್ಮಜ್ಜಿ ಭಾಳ ಅಂಜುಬುರುಕಿ ಅಂತ ಬರಿ, ಅದ ಖರೆ. ಬೆಟಗೇರಿಯೊಳಗ ಇದ್ದಾಗ ನಮ್ಮಪ್ಪಗ ಅಂಜಿದ್ನಿ, ಲಗ್ನ ಆದಮ್ಯಾಲೆ ಅತ್ತಿಯವ್ರಿಗೆ ಅಂಜಿದ್ನಿ, ನಿಮ್ಮಜ್ಜ ತೀರ್ಕೊಂಡ ಮ್ಯಾಲೆ ಇಲ್ಲಿ ಕೆನಡಾದ ಸ್ಟೌಫ್‌ವಿಲ್‌ಗೆ ಬಂದು ನಿಮ್ಮವ್ವನ ಮನಿ ಒಲಿಗೂ ಅಂಜಿದ್ನಿ. ಗುಂಡಿ ತಿರುವಿದ್ರ ಬಿಸಿ ಆಕ್ಕೈತಿ, ಬೆಂಕಿನ ಕಾಣಂಗಿಲ್ಲ, ಅಂಜಿಕಿ ಬರೂದಿಲ್ಲೇನು? ನಗಬ್ಯಾಡ. ನೀ ಆಗ ಎರಡು ವರ್ಷದಾಕಿ. ನಿಮ್ಮವ್ವ ಬರ್ಲಿಂಗ್ಟನ್ ಆಫೀಸಿಗೆ ಹೊಂಟ್ರ ಹೊತ್ತು ಮುಳುಗಿದ ಮ್ಯಾಲೆ ಬರಾಕಿ. ನಾನೂ ನೀನೂ ಕಿಟಕಿ ಹತ್ರ ಕುಂತು ಹಿಮ ನೋಡೂದು, ಮಾತಾಡಾಕ ನೀನೊಬ್ಬಾಕಿ, ನಿಂಗ ಇನ್ನೂ ನೆಟ್ಟಗ ಮಾತ ಬರಂಗಿಲ್ಲ. ಮತ್ತ ನನ್ನ ಭಕ್ತಿ ಅಂದ್ರ ಏನು ಗೊತ್ತೇನು? ಸಭಿಯೊಳಗ ಯಾರರ ಪ್ರಾರ್ಥನಿ ಮಾಡ್ತಿದ್ರು, ಕಡೀಕ ನಾ ಆಮೆನ್ ಅಂತಿದ್ನಿ. ಐವತ್ತಾರು ವರ್ಷ ಮಂದಿ ಪ್ರಾರ್ಥನಿಗೆ ಆಮೆನ್ ಅಂದಾಕಿ ನಾನು. ನನ್ನ ಸ್ವಂತದ್ದು ಒಂದು ಮಾತು ದೇವ್ರಿಗೆ ಹೇಳಿದ್ದಿಲ್ಲ.

ಅಂಥಾದ್ರಾಗ ಕರುಣಕ್ಕ ಸಿಕ್ರು. ಮಂಗಳೂರಿನವ್ರು, ನನಗಿಂತ ಹತ್ತು ವರ್ಷ ದೊಡ್ಡವ್ರು, ಥಾರ್ನ್‌ಹಿಲ್‌ನ್ಯಾಗ ಮನಿ. ಪ್ರತಿ ಶನಿವಾರ ಅವ್ರ ಮನಿ ಬೇಸ್‌ಮೆಂಟಿನ್ಯಾಗ ಕನ್ನಡ ಪ್ರಾರ್ಥನಾ ಕೂಟ. ಅವ್ರ ಕಾರಿನ್ಯಾಗ ಬಂದು ನನ್ನ ಕರ್ಕೊಂಡು ಹೋಗಿ, ತಿರುಗಿ ಬಿಟ್ಟು ಹೋಗ್ತಿದ್ರು. ನಂಗ ಕೋಟು ಕೊಟ್ಟವ್ರೂ ಅವ್ರ, ಬಸ್ ಹತ್ತೂದು ಕಲಿಸಿದವ್ರೂ ಅವ್ರ. ಕೆಟ್ಟ ಮನಷ್ಯಾಳಲ್ಲ, ಅದನ್ನ ಮೊದ್ಲ ಹೇಳೀನಿ, ಆಮ್ಯಾಲೆ ನೀ ಬ್ಯಾರೆ ತಿಳ್ಕೋಬ್ಯಾಡ. ಆದ್ರ ಅವ್ರು ಹೇಳಿದ್ರ ಮುಗೀತು. ಅವ್ರ ಮಾತಿಗೆ ಒಲ್ಲೆ ಅಂದವ್ರನ್ನ ನಾ ನೋಡಿದ್ದಿಲ್ಲ.

ಆ ಕೂಟಕ್ಕ ಶೋಭಾ ಅಂತ ಒಬ್ಬಾಕಿ ಬರ್ತಿದ್ಲು, ಮೈಸೂರು ಕಡೆಯಾಕಿ, ಮೂವತ್ತರ ಒಳಗಿನ ಹುಡುಗಿ. ಸಣ್ಣಾಕಿ ಇದ್ದಾಗಿಂದ ಸಕ್ರಿ ಬ್ಯಾನಿ ಅಕಿಗಿ. ದಿನಾ ಹೊಟ್ಟಿಗೆ ಸೂಜಿ ಚುಚ್ಚಿಕೊಂಡು ಇನ್ಸುಲಿನ್ ಹಾಕ್ಕೋಬೇಕು. ಒಂದಿನ ಕರುಣಕ್ಕ ಅಂದ್ರು, ಅವ್ರ ದನಿ ಹಿಂಗ, ಮೆಲ್ಲಕ, ಪುಸ್ತಕ ಓದಿದಂಗ, “ದೇವರು ಗುಣ ಮಾಡುತ್ತಾರೆ ಅಂತ ನಂಬುವವರಿಗೆ ಸೂಜಿ ಎಂತಕ್ಕೆ? ಮೂರು ದಿನ ಉಪವಾಸ ಮಾಡುವ, ನಾವೆಲ್ಲಾ ಒಟ್ಟಿಗೆ.” ಅವ್ರಿಗೆ ಹಿಂದ ತಲಿಶೂಲಿ ಪ್ರಾರ್ಥನಿಯಿಂದ ಹೋಗಿತ್ತಂತ, ಅದಕ್ಕ ಅಷ್ಟು ನಂಬಿಕಿ. ಎಲ್ಲಾರೂ ಆಮೆನ್ ಅಂದ್ರು. ನಾನೂ ಅಂದ್ನಿ, ರೂತಿ. ಅದನ್ನೂ ಬರ್ಕೋ. ನಾನೂ ಅಂದ್ನಿ.

ಗುರುವಾರ ಸುರು ಆತು. ಶೋಭಾ ಅಲ್ಲೇ ಉಳಿದ್ಲು. ಶನಿವಾರ ನಾ ಹೋಗೂದ್ರಾಗ, ಮಧ್ಯಾಹ್ನ ಆಗಿತ್ತು, ಅಕಿ ಮೂಲ್ಯಾಗ ಗ್ವಾಡಿಗೆ ಆನಿಕೊಂಡು ಕುಂತಿದ್ಲು, ಮುಖ ಬೂದಿ ಆಗೇತಿ. ಎರಡು ಸಲ ವಾಂತಿ ಆಗಿತ್ತಂತ. ಉಸುರು ಹೆಂಗ ಅಂದ್ರ, ಓಡಿ ಬಂದವ್ರು ಬಿಡ್ತಾರಲ್ಲ, ಹಂಗ, ಕುಂತಲ್ಲೇ. ನಾ ಬಾಜೂಕ ಕುಂತ್ನಿ, ಕೈ ಹಿಡಿದ್ನಿ. “ಆಂಟಿ, ತುಂಬಾ ಸುಸ್ತಾಗ್ತಿದೆ. ಅಕ್ಕಂಗೆ ಹೇಳಬೇಡಿ, ನನಗೆ ನಂಬಿಕೆ ಇಲ್ಲ ಅಂದ್ಕೋತಾರೆ” ಅಂದ್ಲು. ಅಂದಾಗ ಅಕಿ ಬಾಯಿಂದ ವಾಸನಿ ಬಂತು ನೋಡು, ಕೊಳತ ಹಣ್ಣಿನ ವಾಸನಿ. ಆ ವಾಸನಿ ನಂಗ ಗೊತ್ತಿತ್ತು. ಯಾಕಂದ್ರ ನಮ್ಮ ದೊಡ್ಡವ್ವ ಬೆಟಗೇರಿ ದವಾಖಾನ್ಯಾಗ ಇದ ಸಕ್ರಿ ಬ್ಯಾನಿಲೆ ಹೋದಾಗ ಇದ ವಾಸನಿ ಬಂದಿತ್ತು, ನಾ ಆವಾಗ ಮಗ್ಗಲದಾಗ ಕುಂತಿದ್ನಿ. “ಅಕ್ಕಾ, ಈ ಹುಡುಗಿನ್ನ ದವಾಖಾನಿಗೆ ಒಯ್ಯೋಣ” ಅಂದ್ನಿ, ಹಿಂಗ, ನೊಣ ಗುಂಯ್ ಅಂದಂಗ. ಕರುಣಕ್ಕ ಕಣ್ಣು ತಗೀಲಿಲ್ಲ. “ಅದು ರೋಗ ಬಿಟ್ಟು ಹೋಗುವುದು ಮಾರಾಯ್ತಿ. ಈಗ ಹೆದರಿದರೆ ಎಲ್ಲಾ ಹಾಳು.” ಮತ್ತ ಆಮೆನ್, ಆಮೆನ್, ಹನ್ನೆರಡು ಮಂದಿ.

ನಾ ಬಾತ್‌ರೂಮಿಗೆ ಹೊಂಟೀನಿ ಅಂತ ಸುಳ್ಳು ಹೇಳಿ ಎದ್ನಿ. ಕೂಟದಾಗ ಎಲ್ಲಾರ ಫೋನೂ ಮ್ಯಾಲೆ ಒಂದು ಬುಟ್ಟ್ಯಾಗ ಇಡಬೇಕಿತ್ತು. ಮೆಟ್ಟಿಲು ಹತ್ತಿ ಮ್ಯಾಲೆ ಹೋದ್ನಿ. ನನ್ನ ಫೋನ್ ಹುಡುಕಿ ನಿಮ್ಮವ್ವಗ ಹಚ್ಚಿದ್ನಿ, ಅಕಿ ಎತ್ತಲಿಲ್ಲ. ಆಮ್ಯಾಲೆ ನೈನ್ ಒನ್ ಒನ್. ಜೀವನದಾಗ ಮೊದಲನೇ ಸಲ. ಒಬ್ಬಾಕಿ ಎತ್ತಿದ್ಲು, ಭಡಭಡ ಇಂಗ್ಲಿಷು. ‘ಆಂಬ್ಯುಲೆನ್ಸ್’ ಅಂದ್ನಿ. “ವಾಟ್ ಈಸ್ ದಿ ಅಡ್ರೆಸ್?” ಅಡ್ರೆಸ್! ಒಂದು ವರ್ಷ ಬಂದೀನಿ ಆ ಮನಿಗಿ, ಅವ್ರ ಕಾರಿನ್ಯಾಗ ಕುಂತು ಬಂದಾಕಿ, ನಂಗ ಥಾರ್ನ್‌ಹಿಲ್ ಅನ್ನೂದು ಬಿಟ್ರ ಏನೂ ಗೊತ್ತಿಲ್ಲ. “ವಾಟ್ ಲಾಂಗ್ವೇಜ್ ಡು ಯು ಸ್ಪೀಕ್?” “ಕನ್ನಡ, ಕನ್ನಡ.” “ಯೆಸ್ ಮ್ಯಾಮ್, ಯು ಆರ್ ಇನ್ ಕೆನಡಾ.” ಈಗ ನೀ ನಗಾಕತ್ತಿ. ಆವಾಗ ನಂಗ ಅಳು ಬಂತು.

ಯಾರದೋ ಗಂಡಸರ ಬೂಟು ಬಾಗಲ್ದಾಗಿತ್ತು, ಕಾಲಿಗೆ ಹಾಕ್ಕೊಂಡು ಕೋಟಿಲ್ದ ಹೊರಗ ಓಡಿದ್ನಿ. ಮನಿ ನಂಬರಿನ ಮ್ಯಾಲೆ ಹಿಮ ಮೆತ್ತಿತ್ತು, ಕೈಲೆ ಕೆರೆದು ಓದಿದ್ನಿ. ಓಣಿ ಹೆಸರು ಬೇಕಲ್ಲ, ಅದು ಮೂಲಿ ಕಂಬದ ಮ್ಯಾಲೆ, ಐದಾರು ಮನಿ ಆಚೆ. ಹಿಮದಾಗ ಬೂಟು ಜಾರ್ತಾವು, ಒಮ್ಮೆ ಬಿದ್ನಿ, ಫೋನ್ ಬಿಡ್ಲಿಲ್ಲ. ಹಂಗ ಓಡಬೇಕಾದ್ರ ನನ್ನ ಬಾಯಿಂದ ತಾನ ಬಂತು, “ಯೇಸಪ್ಪಾ, ನಿನ್ನ ಮ್ಯಾಲೆ ನಂಬಿಕಿ ಇಲ್ಲಂತ ಅಲ್ಲ ನಾ ಹಿಂಗ ಮಾಡಾಕತ್ತಿದ್ದು. ಸಿಟ್ಟಾದ್ರ ನನ್ನ ಮ್ಯಾಲೆ ಆಗು, ಆ ಹುಡುಗಿನ್ನ ಬಿಡು. ನಂಗ ಬಾಯಿ ಕೊಡು.” ಯಾರೂ ಹೇಳಿಕೊಟ್ಟಿದ್ದಿಲ್ಲ, ಯಾರೋ ಅಂದದ್ದನ್ನ ತಿರುಗಿ ಅಂದಿದ್ದಲ್ಲ. ಅದ ನನ್ನ ಮೊದಲನೇ ಪ್ರಾರ್ಥನಿ. ಕಂಬದ ಮ್ಯಾಲಿನ ಅಕ್ಷರ ಒಂದೊಂದ ಓದಿ ಹೇಳಿದ್ನಿ. ಆ ಹೆಣ್ಮಗಳು ಫೋನಿನ್ಯಾಗ ಒಂದೊಂದನ್ನೂ ತಿರುಗಿ ಹೇಳಿ ಬರ್ಕೊಂಡ್ಲು.

ಇಲ್ಲಿತನಕ ಕೇಳಿ ಮತ್ತ ‘ಬ್ರೇವ್’ ಅಂದಿ ಅಲ್ಲ, ಮುಂದ ಕೇಳು. ಆಂಬ್ಯುಲೆನ್ಸಿನವ್ರು ಒಳಗ ಬಂದ್ರು, ಎತ್ತರದ ಹೆಂಗಸು ಒಬ್ಬಾಕಿ, ಗಂಡಸು ಒಬ್ಬಾಂವ, ಅವ್ರ ಹಿಂದ ನಾನೂ ಬೇಸ್‌ಮೆಂಟಿಗೆ ಇಳದ್ನಿ. ಕರುಣಕ್ಕ ಎದ್ದು ನಿಂತು ಎಲ್ಲಾರ ಮುಖ ನೋಡಿದ್ರು. “ಯಾರು ಕರೆದದ್ದು?” ನಾ ಬಾಗಲದ ಹಿಂದ ಸರದ್ನಿ. ಹೂಂ, ಅಡಗಿಕೊಂಡ್ನಿ. ಆ ಎತ್ತರದಾಕಿ ಶೋಭಾನ ಬೆರಳು ಚುಚ್ಚಿ ನೋಡಿ, ತಲಿ ಎತ್ತಿ ಜೋರಾಗಿ ಕೇಳಿದ್ಲು, “ವೆನ್ ಡಿಡ್ ಶಿ ಲಾಸ್ಟ್ ಟೇಕ್ ಇನ್ಸುಲಿನ್?” ಎಲ್ಲಾರಿಗೂ ಗೊತ್ತಿತ್ತು, ಎಲ್ಲಾರೂ ಕರುಣಕ್ಕನ್ನ ನೋಡಾಕತ್ತಿದ್ರು, ಕರುಣಕ್ಕ ನೆಲ ನೋಡಾಕತ್ತಿದ್ರು. ಶೋಭಾಗ ಉತ್ತರ ಕೊಡೂ ಎಚ್ಚರನ ಇದ್ದಿಲ್ಲ. ಇನ್ನೊಮ್ಮೆ ಕೇಳಿದ್ಲು. ನಾ ಬಾಗಲದ ಹಿಂದಿಂದ ಈಚೆ ಬಂದ್ನಿ. “ಥರ್ಸ್‌ಡೇ” ಅಂದ್ನಿ. “ಥರ್ಸ್‌ಡೇ ಮಾರ್ನಿಂಗ್. ಆಫ್ಟರ್ ನೋ. ನೋ ಇಂಜೆಕ್ಷನ್, ನೋ ಫುಡ್.” ಹನ್ನೆರಡು ಮಂದಿ ನನ್ನ ಕಡೆ ತಿರುಗಿದ್ರು. ಬೂಟು ಇನ್ನೂ ನನ್ನ ಕಾಲಾಗ ಇತ್ತು, ನೆಲಕ್ಕೆಲ್ಲಾ ನೀರು.

ಅಕಿನ್ನ ಒಯ್ದ್ರು. ಕರುಣಕ್ಕ ನನ್ನ ಹತ್ರ ಬಂದು ಇಷ್ಟ ಅಂದ್ರು, “ನೀನು ದೇವರನ್ನು ನಂಬಲಿಲ್ಲ.” ಆವತ್ತು ನನ್ನ ಮನಿಗಿ ಬಿಡಾಕ ಯಾರೂ ಬರ್ಲಿಲ್ಲ. ನಿಮ್ಮವ್ವ ಬರೂತನ ಬಸ್ ಸ್ಟಾಪಿನ್ಯಾಗ ನಿಂತಿದ್ನಿ. ಶೋಭಾ ಐಸಿಯುದಾಗ ನಾಕು ದಿನ ಇದ್ದು ಉಳಕೊಂಡ್ಲು. ಇನ್ನೊಂದು ಸ್ವಲ್ಪ ತಡ ಆಗಿದ್ರ ಉಳೀತಿದ್ದಿಲ್ಲ ಅಂತ ಡಾಕ್ಟರ್ ಅಂದ್ರಂತ. ಆದ್ರ ನನ್ನ ಅಂಜಿಕಿ ಅಲ್ಲಿಗೆ ಮುಗೀಲಿಲ್ಲ. ಮುಂದಿನ ವಾರ ನಿಂಗ ಜ್ವರ ಬಂತು. ಸುಮ್ನ ಥಂಡಿ ಜ್ವರ, ಮಕ್ಕಳಿಗೆ ಬರೂದ, ಆದ್ರ ನಂಗ ಅನಸ್ತು, ದೇವ್ರು ಸಿಟ್ಟಾಗ್ಯಾನ, ನನ್ನಿಂದ ಈ ಕೂಸಿಗೆ ಬಂತು. ನಿನ್ನ ಎದಿ ಮ್ಯಾಲೆ ಹಾಕ್ಕೊಂಡು ಅಡಗಿ ಮನ್ಯಾಗ ತಿರಗಾಡಿದ್ನಿ. ಕೂಟದವ್ರ ಫೋನ್ ಇಲ್ಲ, ನನಗೋಸ್ಕರ ಪ್ರಾರ್ಥನಿ ಮಾಡೋರು ಯಾರೂ ಇಲ್ಲ. ಮತ್ತೇನ್ ಮಾಡ್ಲಿ? ನಾನ ಮಾಡಬೇಕಾತು. ಇದ್ದದ್ದು ಇದ್ದಂಗ ಹೇಳಿದ್ನಿ, ನಂಗ ಭಾಳ ಅಂಜಿಕಿ ಆಗೇತಿ, ನೀ ಎಂಥಾಂವ ಅಂತ ನಂಗ ಗೊತ್ತಾಗವಲ್ದು ಅಂತ. ನಿಂಗ ಔಷಧಾನೂ ಹಾಕಿದ್ನಿ, ಪ್ರಾರ್ಥನಿನೂ ಮಾಡಿದ್ನಿ. ಮೂರು ದಿನಕ್ಕ ಜ್ವರ ಇಳೀತು. ಆವತ್ತಿಂದ ಹಂಗ ನಡದೈತಿ, ಒಲಿ ಮುಂದ, ನನ್ನ ಭಾಷಾದಾಗ, ನನ್ನ ಜಗಳಾನೂ ಸೇರಿಸಿ.

ಕರುಣಕ್ಕ ಎರಡು ವರ್ಷ ಬಿಟ್ಟು ಫೋನ್ ಮಾಡಿದ್ರು. ಹೆಸರು ನೋಡಿ ಮೊದ್ಲ ಫೋನ್ ಕೆಳಗಿಟ್ನಿ, ಆಮ್ಯಾಲೆ ಎತ್ತಿದ್ನಿ. “ನಿನಗೆ ನನ್ನ ಮೇಲೆ ಸಿಟ್ಟುಂಟಾ?” ಅಂದ್ರು. “ಸಿಟ್ಟಿಲ್ರಿ ಅಕ್ಕಾ, ಅಂಜಿಕಿ ಐತಿ” ಅಂದ್ನಿ. ಅದಕ್ಕ ಅವ್ರು ಅಂದ್ರು, “ಆ ದಿನ ನನಗೂ ಹೆದರಿಕೆ ಆಗಿತ್ತು. ಅವಳ ಉಸಿರು ನನಗೂ ಕೇಳ್ತಾ ಇತ್ತು. ಎಲ್ಲರೂ ಆಮೆನ್ ಅಂತಾ ಇದ್ದರಲ್ಲ, ನಿಲ್ಲಿಸುವುದು ಹೇಗೆ ಅಂತ ಗೊತ್ತಾಗಲಿಲ್ಲ.” ಅಳಾಕತ್ರು. ನಾನೂ ಅತ್ನಿ. ಈಗ ಅವ್ರಿಲ್ಲ, ಇದ್ದಿದ್ರ ನಿಂಗ ಇದನ್ನೆಲ್ಲಾ ಹೇಳ್ತಿದ್ನೋ ಇಲ್ಲೋ.

ಬರದಿ ಏನು? ಅಂಜಿಕಿ ಹೋಗ್ಲಿ, ಆಮ್ಯಾಲೆ ಮಾತಾಡೋಣ ಅಂತ ಕುಂತ್ರ ಹೊತ್ತು ಮೀರತೈತಿ ತಂಗಿ. ನಡಗಕೋತನ ಹೇಳಬೇಕು, ಮನಷ್ಯಾರಿಗೂ, ದೇವ್ರಿಗೂ. ಏಳು, ಹಪ್ಪಳ ಕರೀತೀನಿ.