ಸಿಯೋಲ್ ಹಳ್ಳದ ದಂಡಿಯ ಬುತ್ತಿ

ಗದಗಿನಲ್ಲಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದ ನೀಲಗಂಗವ್ವ ಪಕ್ಕದ ಮಾತಿಗೆ ಕಿವಿಗೊಟ್ಟಳು. ಕೊರಿಯಾ ಯುದ್ಧದಿಂದ ಆಗಷ್ಟೇ ಮರಳಿದ ಸಿಪಾಯಿ ತನ್ನ ತಾಯಿಗೆ ಹೇಳುತ್ತಿದ್ದ:

“ಸಿಯೋಲ್ ಪ್ಯಾಟಿ ನಡುವ ಹಳ್ಳ ಹರಿತೈತವ್ವಾ! ಅದರ ಗುಂಟ ತಿರಗಾಕ ಹೋದೆ. ಬಟ್ಟಿ ಒಗ್ಯಾಕ ಕುಂತಿದ್ದ ಮುದುಕಿ ‘ಬಾಪ್ ಮೊಗೊಸ್ಸೊ?’ ಅಂದ್ಲು.”

“ಹಂಗಂದ್ರ ಏನೋ ದೇವಪ್ಪಾ?”

“ಊಟ ಆತೇನು ಅಂತ. ಅಲ್ಲೂ ನಮ್ಮಂಗ ಮಾತಾಡಸ್ತಾರ!”

“ನೀ ಏನಂದಿ?”

“ಆಗೇತಿ ಅಂದೆ.”

“ಖರೆ ಆಗಿತ್ತೇನು?”

“ಇಲ್ಲ.”

“ಆಕಿ ನಂಬಿದ್ಲೇನು?”

“ಎಲ್ಲಿ ನಂಬತಾಳ! ನನ್ನ ಮಾರಿ ನೋಡಿ ತನ್ನ ಬುತ್ತಿ ಬಿಚ್ಚಿದ್ಲು.”



“ಉಪಕಾರ ಆತು ಅನ್ನಾಕ ಅವರು ಏನಂತಾರ?”

“ಕಾಮ್ಸಾಹಮ್ನಿದಾ.”

ಲಕ್ಷ್ಮೇಶ್ವರದ ಬಸ್ಸು ಬಂತು.

“ಜಲ್ದಿ ಹತ್ತವ್ವಾ!”

ತಾಯಿ ಕೊರಿಯಾ ಇರುವ ಮೂಡಣಕ್ಕೆ ತಿರುಗಿ ಕೈಮುಗಿದು, ಆ ಮಾತನ್ನು ಗಟ್ಟಿಯಾಗಿ ಹೇಳಿಯೇ ಬಸ್ಸು ಹತ್ತಿದಳು.